ಬೇರಿನ ಆಳಕ್ಕೆ ಬೆಳಕು: ಎರಡು ಗ್ಲಾಸ್ ಫೈಬರ್ ಪೋಸ್ಟ್‌ಗಳ ಹೋಲಿಕೆ

ರೂಟ್ ಕೆನಾಲ್ ಚಿಕಿತ್ಸೆ ಮುಗಿದ ಹಲ್ಲಿಗೆ ಪೋಸ್ಟ್ (ಹಲ್ಲಿನ ಮೇಲ್ಭಾಗಕ್ಕೆ ಆಧಾರವಾಗಿ ಬೇರಿನ ನಾಳದೊಳಗೆ ನಿಲ್ಲಿಸುವ ಸಣ್ಣ ಕಡ್ಡಿ) ಕೂರಿಸುವಾಗ ನಾನು ಈಗ ಅರೆಪಾರದರ್ಶಕ ಗ್ಲಾಸ್ ಫೈಬರ್ ಪೋಸ್ಟನ್ನೇ ಆರಿಸುತ್ತೇನೆ. ಹಾಲಿನಂತೆ ಬೆಳ್ಳಗಿರುವ ಇನ್ನೊಂದು ಬಗೆಯನ್ನು ಬಹುಕಾಲ ಬಳಸಿದ ಮೇಲೆ ಈ ನಿರ್ಧಾರಕ್ಕೆ ಬಂದೆ. ಅದಕ್ಕೆ ಕಾರಣ, ಕಳಚಿ ಬಂದ ಒಂದು ಪೋಸ್ಟ್.

ಮೇಲಿನ ಮುಂಭಾಗದ ಹಲ್ಲೊಂದಕ್ಕೆ ಬಿಳಿ ಪೋಸ್ಟನ್ನು, ಬೆಳಕಿನಿಂದ ಮಾತ್ರ ಗಟ್ಟಿಯಾಗುವ ರೆಸಿನ್ ಸಿಮೆಂಟ್ (ಪೋಸ್ಟನ್ನು ನಾಳಕ್ಕೆ ಅಂಟಿಸುವ ಅಂಟು) ಹಾಕಿ ಕೂರಿಸಿದ್ದೆ. ಎಕ್ಸ್-ರೇಯಲ್ಲಿ ಎಲ್ಲವೂ ಅಚ್ಚುಕಟ್ಟಾಗಿ ಕಂಡಿತು. ಕೆಲವೇ ವಾರಗಳಲ್ಲಿ ಕ್ರೌನಿನ (ಹಲ್ಲಿಗೆ ತೊಡಿಸುವ ಕ್ಯಾಪ್) ಸಮೇತ ಪೋಸ್ಟ್ ಹೊರಬಂತು. ಅದನ್ನು ಭೂತಗನ್ನಡಿಯ ಕೆಳಗಿಟ್ಟು ಚೂಪು ತುದಿಯ ಪ್ರೋಬಿನಿಂದ ಗೀರಿ ನೋಡಿದಾಗ, ಮೇಲ್ಭಾಗದ ಸಿಮೆಂಟ್ ಕಲ್ಲಿನಂತಿತ್ತು, ನಡುವೆ ಗೀರು ಬೀಳುತ್ತಿತ್ತು, ತುದಿಯ ಬಳಿಯಂತೂ ಪ್ರೋಬ್ ಮೇಣದೊಳಗೆ ಇಳಿದಂತೆ ಇಳಿಯಿತು. ನಾಳದಲ್ಲಿ ಸಿಮೆಂಟ್ ತುಂಬಿದೆಯೇ ಎಂಬುದನ್ನು ಎಕ್ಸ್-ರೇ ತೋರಿಸುತ್ತದೆಯೇ ಹೊರತು, ಅದು ಗಟ್ಟಿಯಾಗಿದೆಯೇ ಎಂಬುದನ್ನಲ್ಲ. ಆ ಹಲ್ಲಿನ ಕೆಲಸವನ್ನು ಮೊದಲಿನಿಂದ ಮಾಡಬೇಕಾಯಿತು. ರೋಗಿ ಮತ್ತೆ ಅದೇ ಕುರ್ಚಿಯಲ್ಲಿ ಕೂರಬೇಕಾಗಿ ಬಂದದ್ದು ನನ್ನನ್ನು ಬಹಳ ದಿನ ಕಾಡಿತು.

ಅನಂತರ ಎರಡೂ ಬಗೆಯ ಪೋಸ್ಟನ್ನು ಕಪ್ಪು ರಟ್ಟಿನ ರಂಧ್ರದಲ್ಲಿ ಬಿಗಿಯಾಗಿ ಸಿಕ್ಕಿಸಿ, ದೀಪ ಆರಿಸಿದ ಕೋಣೆಯಲ್ಲಿ ಮೇಲಿನಿಂದ ಕ್ಯೂರಿಂಗ್ ಲೈಟ್ (ಸಿಮೆಂಟನ್ನು ಗಟ್ಟಿ ಮಾಡುವ ನೀಲಿ ದೀಪ) ಹಿಡಿದೆ. ಕಣ್ಣಿನ ರಕ್ಷಣೆಗೆ ಹಾಕುವ ಕಿತ್ತಳೆ ಕನ್ನಡಕ ನೀಲಿ ಬೆಳಕನ್ನೇ ತಡೆಯುವುದರಿಂದ, ಫಲಿತಾಂಶವನ್ನು ಫೋನಿನ ಕ್ಯಾಮೆರಾದಲ್ಲಿ ನೋಡಬೇಕಾಯಿತು. ಬಿಳಿ ಪೋಸ್ಟ್ ರಟ್ಟಿನ ಕೆಳಗೆ ಎರಡು ಮೂರು ಮಿಲಿಮೀಟರ್‌ವರೆಗೆ ಮಂಕಾಗಿ ಹೊಳೆದು ಕತ್ತಲಾಯಿತು. ಅರೆಪಾರದರ್ಶಕ ಪೋಸ್ಟ್ ಉದ್ದಕ್ಕೂ ನೀಲಿಯಾಗಿ ಬೆಳಗಿತು, ಆದರೆ ಕೆಳಗೆ ಹೋದಂತೆ ಅದರ ಹೊಳಪೂ ಕುಗ್ಗುತ್ತಿತ್ತು. ತುದಿಗೆ ಬೆಳಕು ಅಳೆಯುವ ಮೀಟರ್ ಹಿಡಿದಾಗ ಸಿಕ್ಕಿದ್ದು ಮೇಲೆ ಕೊಟ್ಟ ಬೆಳಕಿನ ಸಣ್ಣ ಪಾಲು ಮಾತ್ರ. ನನಗೆ ಆಶ್ಚರ್ಯವಾದದ್ದು ಇಲ್ಲಿಯೇ, ಏಕೆಂದರೆ ಕಣ್ಣಿಗೆ ಅದು ಗಾಜಿನಷ್ಟೇ ತಿಳಿಯಾಗಿ ಕಾಣುತ್ತಿತ್ತು.

ವ್ಯತ್ಯಾಸದ ಮೂಲ ಪೋಸ್ಟಿನ ಗಾಜಿನ ನಾರು ಮತ್ತು ಅದನ್ನು ಹಿಡಿದಿಡುವ ರೆಸಿನ್ ನಡುವಿನ ಹೊಂದಾಣಿಕೆಯಲ್ಲಿದೆ. ಎರಡರ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಹತ್ತಿರವಿದ್ದರೆ ಬೆಳಕು ಹೆಚ್ಚು ಚದುರದೆ ಸಾಗುತ್ತದೆ. ದೂರವಿದ್ದರೆ ಪ್ರತಿಯೊಂದು ನಾರಿನ ಅಂಚಿನಲ್ಲೂ ಚದುರುತ್ತದೆ. ಎಕ್ಸ್-ರೇಯಲ್ಲಿ ಎದ್ದು ಕಾಣಲೆಂದು ಬೆರೆಸುವ ಪುಡಿಯೂ ಚದುರಿಸುವ ಕೆಲಸವನ್ನೇ ಮಾಡುತ್ತದೆ. ಇನ್ನೊಂದು ಮಾತು: ಸಿಮೆಂಟ್ ಇರುವುದು ಪೋಸ್ಟಿನ ಸುತ್ತ ತೆಳುವಾದ ಪದರವಾಗಿ, ಆದ್ದರಿಂದ ಬೆಳಕು ತುದಿ ಮುಟ್ಟಿದರೆ ಸಾಲದು, ದಾರಿಯುದ್ದಕ್ಕೂ ಪಕ್ಕಕ್ಕೆ ಹೊರಬರಲೂಬೇಕು. ಸಿಮೆಂಟಿನಲ್ಲಿರುವ ಕ್ಯಾಂಫೋರ್‌ಕ್ವಿನೋನ್ ಸುಮಾರು 470 ನ್ಯಾನೋಮೀಟರ್‌ನ ನೀಲಿ ಬೆಳಕನ್ನು ಹೀರಿಯೇ ಗಟ್ಟಿಯಾಗುವ ಕ್ರಿಯೆಯನ್ನು ಆರಂಭಿಸುತ್ತದೆ.

ಬಲದ ವಿಷಯದಲ್ಲಿ ನನಗೆ ಎರಡರಲ್ಲೂ ತೊಂದರೆ ಕಂಡಿಲ್ಲ. ಎಕ್ಸ್-ರೇಯಲ್ಲಿ ಬಿಳಿಯದೇ ಸ್ಪಷ್ಟ. ನಾನು ಬಳಸುವ ಅರೆಪಾರದರ್ಶಕ ಪೋಸ್ಟನ್ನು ಹುಡುಕಿ ನೋಡಬೇಕು. ಕಪ್ಪು ಕಾರ್ಬನ್ ಫೈಬರ್ ಬೆಳಕನ್ನು ಹಾಯಿಸುವುದೇ ಇಲ್ಲವಾದ್ದರಿಂದ ಅದನ್ನು ಈ ಹೋಲಿಕೆಗೆ ತರಲಿಲ್ಲ.

ಅರೆಪಾರದರ್ಶಕ ಪೋಸ್ಟ್ ಬಳಸುವಾಗಲೂ ನಾನೀಗ ಬೆಳಕಿನಿಂದಲೂ ರಾಸಾಯನಿಕವಾಗಿಯೂ ಗಟ್ಟಿಯಾಗುವ ಡ್ಯುಯಲ್ ಕ್ಯೂರ್ ಸಿಮೆಂಟನ್ನೇ ಹಾಕುತ್ತೇನೆ. ಬೆಳಕು ತಲುಪದ ಕಡೆ ರಾಸಾಯನಿಕ ಕ್ರಿಯೆಯಾದರೂ ನಡೆಯಲಿ ಎಂಬುದು ಉದ್ದೇಶ. ಪೋಸ್ಟನ್ನು ಕೂರಿಸುವ ಮೊದಲೇ ಡೈಮಂಡ್ ಡಿಸ್ಕಿನಿಂದ, ನೀರು ಬಿಡುತ್ತಾ ಬೇಕಾದ ಉದ್ದಕ್ಕೆ ಕತ್ತರಿಸುತ್ತೇನೆ, ಏಕೆಂದರೆ ಬೆಳಕು ಸಾಗಬೇಕಾದ ದೂರ ಅಷ್ಟು ಕಡಿಮೆಯಾಗುತ್ತದೆ. ಬೆಳಕು ಹಿಡಿಯುವ ಸಮಯವನ್ನೂ ಹೆಚ್ಚಿಸಿದ್ದೇನೆ.

ಬಿಳಿ ಪೋಸ್ಟ್ ನನಗೆ ಅಗ್ಗವಾಗಿ ಸಿಗುತ್ತದೆ. ಪ್ರತಿದಿನ ಹಲವು ಪೋಸ್ಟ್ ಹಾಕುವವರು, ಡ್ಯುಯಲ್ ಕ್ಯೂರ್ ಸಿಮೆಂಟನ್ನು ಎಂದೂ ಬಿಡದವರು ಅದರಲ್ಲೇ ಉಳಿಯಬಹುದು. ತಿಂಗಳಿಗೆ ಕೆಲವೇ ಪೋಸ್ಟ್ ಹಾಕುವ ನನಗೆ ಬೆಲೆಯ ಅಂತರ ಭಾರವೆನಿಸಿಲ್ಲ. ಡಬ್ಬಿಯಲ್ಲಿ ಉಳಿದ ಬಿಳಿ ಪೋಸ್ಟ್‌ಗಳ ಮೇಲೆ "ಡ್ಯುಯಲ್ ಕ್ಯೂರ್ ಮಾತ್ರ" ಎಂದು ಬರೆದ ಚೀಟಿ ಅಂಟಿಸಿದ್ದೇನೆ.