ಎಸಿ ಆಫ್ ಮಾಡಿ ಟೆಸ್ಟ್ ಮಾಡಿದ ಅಂಗಡಿ: ಬಳ್ಳಾರಿಯಲ್ಲಿ ಗೇಮಿಂಗ್ ಪಿಸಿ ರಿಪೇರಿ ರಿವ್ಯೂ

ಗೇಮ್ ಆಡುವಾಗ ಪಿಸಿ ಹ್ಯಾಂಗ್ ಆಗುತ್ತದೆ ಅಂತ ನಮ್ಮೂರಲ್ಲಿ ಯಾರಿಗಾದರೂ ಹೇಳಿ ನೋಡಿ. ಬರುವ ಉತ್ತರ ಎರಡೇ. ಒಂದು, ವಿಂಡೋಸ್ ಫಾರ್ಮ್ಯಾಟ್ ಮಾಡಿಸಿ. ಇನ್ನೊಂದು, ಗ್ರಾಫಿಕ್ಸ್ ಕಾರ್ಡ್ ಹೋಗಿದೆ, ಹೊಸದು ಹಾಕಿಸಿ. ಬೆಂಗಳೂರು ರೋಡಿನಿಂದ ಒಳಗೆ ತಿರುಗುವ ಒಂದು ಓಣಿಯಲ್ಲಿ ಸಣ್ಣ ರಿಪೇರಿ ಅಂಗಡಿ ಇದೆ. ಅವರು ಈ ಎರಡನ್ನೂ ಹೇಳಲಿಲ್ಲ, ಮೊದಲು ಕೂರಿಸಿ ಪ್ರಶ್ನೆ ಕೇಳಿದರು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಅಂಗಡಿ ಹೆಸರು ಹಾಕುವುದಿಲ್ಲ, ಯಾಕಂದ್ರೆ ಕೆಳಗೆ ಸ್ವಲ್ಪ ಬೈಗುಳವೂ ಇದೆ. ಆ ಓಣಿ ಗೊತ್ತಿರುವವರಿಗೆ ಯಾವುದು ಅಂತ ತಿಳಿಯುತ್ತದೆ.

ನನ್ನದು ರೈಜೆನ್ 5 5600 ಪ್ರೊಸೆಸರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ್ಯಾಮ್. ವಿಂಡೋಸ್ ಇರುವುದು ಹಳೆಯ ಸಾಟಾ ಎಸ್‌ಎಸ್‌ಡಿಯಲ್ಲಿ. ಗೇಮ್‌ಗಳೆಲ್ಲ ಆಮೇಲೆ ಹಾಕಿಸಿದ 1 ಟಿಬಿ ಎನ್‌ವಿಎಂಇಯಲ್ಲಿ, ಅಂದರೆ ಮದರ್‌ಬೋರ್ಡಿಗೇ ನೇರ ಸಿಕ್ಕಿಸುವ ವೇಗದ ಎಸ್‌ಎಸ್‌ಡಿಯಲ್ಲಿ. ಈ ವಿವರ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಜಾಸ್ತಿ ಆಡುವುದು ಯೂರೋ ಟ್ರಕ್ ಸಿಮ್ಯುಲೇಟರ್ 2. 2012ರ ಗೇಮ್ ಅದು, ಈ ಪಿಸಿಗೆ ಭಾರವೇನಲ್ಲ. ಅದರಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ ಮಾಡ್ (ಆಟಗಾರರೇ ಮಾಡಿ ಗೇಮಿಗೆ ಸೇರಿಸುವ ಫೈಲ್) ಹಾಕಿಕೊಂಡು ಜರ್ಮನಿಯ ಹೈವೇಯಲ್ಲಿ ಓಡಿಸುವ ಮಜಾ ಆಡದವರಿಗೆ ಹೇಳಿದರೆ ತಿಳಿಯಲ್ಲ ಬಿಡಿ.

ಯುಗಾದಿ ಕಳೆದ ಮೇಲೆ ಕಾಟ ಶುರುವಾಯಿತು. ಮಧ್ಯಾಹ್ನ ಆಡಲು ಕೂತರೆ ಸ್ವಲ್ಪ ಹೊತ್ತಿಗೆ ಪರದೆ ನಿಂತುಬಿಡುತ್ತಿತ್ತು. ಬಸ್ ಅಲ್ಲೇ, ರಸ್ತೆ ಅಲ್ಲೇ, ಗೇಮಿನ ಯಾವ ಕೀ ಒತ್ತಿದರೂ ಏನೂ ಇಲ್ಲ. ಕೆಲವು ಸಲ ಹ್ಯಾಂಗ್ ಆಗದೆ ಗೇಮ್ ತಾನೇ ಮುಚ್ಚಿಕೊಂಡು ಡೆಸ್ಕ್‌ಟಾಪ್ ಕಾಣುತ್ತಿತ್ತು. ರಾತ್ರಿ ಊಟ ಆದ ಮೇಲೆ ಆಡಿದರೆ ಹ್ಯಾಂಗ್ ಆಗುವುದು ಬಹಳ ಕಡಿಮೆ. ಮೊದಲು ಬೇರೆ ಒಂದು ಅಂಗಡಿಗೆ ಕೊಟ್ಟಿದ್ದೆ. ಫಾರ್ಮ್ಯಾಟ್ ಮಾಡಿದರು, ದುಡ್ಡು ತಗೊಂಡರು, ಮನೆಗೆ ತಂದು ಆಡಿದರೆ ಅದೇ ಕಥೆ. ಮತ್ತೆ ಕೇಳಿದ್ದಕ್ಕೆ ಕಾರ್ಡ್ ವೀಕ್ ಆಗಿದೆ, 28,000 ಆಗುತ್ತದೆ ಅಂದರು. ಕ್ಯಾಬಿನೆಟ್ ಬಾಗಿಲು ಕೂಡ ತೆಗೆದು ನೋಡಿರಲಿಲ್ಲ.

ಈ ಅಂಗಡಿಯ ಹುಡುಗ ಕೇಳಿದ ಮೊದಲ ಪ್ರಶ್ನೆ ಇದು: "ಅಣ್ಣ, ಹ್ಯಾಂಗ್ ಆದಾಗ ಸೌಂಡ್ ಬರ್ತೈತಾ, ಇಲ್ಲ ಅದೂ ನಿಲ್ತೈತಾ?"

ಬರುತ್ತದೆ ಅಂದೆ. ಪರದೆ ನಿಂತಿರುತ್ತದೆ, ಆದರೆ ಇಂಜಿನ್ ಸದ್ದು ಕೆಲವು ಸೆಕೆಂಡ್ ನಡೆಯುತ್ತಲೇ ಇರುತ್ತದೆ. ವಿಂಡೋಸ್ ಕೀ ಒತ್ತಿದರೆ ತಡವಾಗಿಯಾದರೂ ಮೆನು ಬರುತ್ತದೆ. "ಹಂಗಾದ್ರೆ ಕಾರ್ಡ್ ಮ್ಯಾಲೆ ನನಗ ಅನುಮಾನ ಇಲ್ಲ" ಅಂದ. ಯಾಕೆ ಅಂತ ಕೇಳಿದ್ದಕ್ಕೆ ಬಿಡಿಸಿ ಹೇಳಿದ, ಅದು ನಿಮಗೂ ಉಪಯೋಗಕ್ಕೆ ಬರುತ್ತದೆ. ಸದ್ದು ಒಂದೇ ಕಡೆ ಸಿಕ್ಕಿಹಾಕಿಕೊಂಡು ಗರ್ರ್ ಅಂತ ಕೂಗುತ್ತಾ ಮೌಸ್, ಕೀಬೋರ್ಡ್ ಎಲ್ಲ ಸತ್ತರೆ ಇಡೀ ಮೆಷಿನ್ನೇ ನಿಂತಿದೆ ಅಂತ ಅರ್ಥ, ಆಗ ರ್ಯಾಮ್, ಕಾರ್ಡ್, ಎಸ್‌ಎಂಪಿಎಸ್ (ಪಿಸಿ ಒಳಗೆ ಕರೆಂಟ್ ಹಂಚುವ ಡಬ್ಬಿ) ಕಡೆ ನೋಡಬೇಕು. ಪರದೆ ಒಂದು ಕ್ಷಣ ಕಪ್ಪಾಗಿ ವಾಪಸ್ ಬಂದು ಗೇಮ್ ಮುಚ್ಚಿಕೊಂಡರೆ ಅದು ಬಹುಪಾಲು ಡಿಸ್‌ಪ್ಲೇ ಡ್ರೈವರ್, ಅಂದರೆ ಕಾರ್ಡ್ ಓಡಿಸುವ ಸಾಫ್ಟ್‌ವೇರ್. ಕಾರ್ಡ್ 2 ಸೆಕೆಂಡ್ ಒಳಗೆ ಉತ್ತರ ಕೊಡದಿದ್ದರೆ ವಿಂಡೋಸ್ ತಾನೇ ಡ್ರೈವರನ್ನು ರೀಸೆಟ್ ಮಾಡುತ್ತದೆ. ಪಟ್ ಅಂತ ಪೂರ್ತಿ ಆಫ್ ಆದರೆ ಕರೆಂಟು, ಎಸ್‌ಎಂಪಿಎಸ್ ಅಥವಾ ಬಿಸಿ. ಸದ್ದು ಬರುತ್ತಿದ್ದು ಚಿತ್ರ ಮಾತ್ರ ನಿಂತರೆ ಗೇಮ್ ಏನನ್ನೋ ಕಾಯುತ್ತಿದೆ. ತುಂಬಾ ಸಲ ಅದು ಕಾಯುವುದು ಡಿಸ್ಕಿಗೆ.

ಆಮೇಲೆ ಈವೆಂಟ್ ವ್ಯೂವರ್ ತೆಗೆದ, ಪಿಸಿಯಲ್ಲಿ ಏನೇನಾಯಿತು ಅಂತ ವಿಂಡೋಸ್ ಬರೆದಿಡುವ ಲಾಗ್ ಅದರಲ್ಲಿ ಕಾಣುತ್ತದೆ. ಇದನ್ನು ನೀವೇ ಮನೆಯಲ್ಲಿ ನೋಡಬಹುದು, ಇನ್ನೂ ಸುಲಭ ಬೇಕಾದರೆ ಸ್ಟಾರ್ಟ್‌ನಲ್ಲಿ ರಿಲಯಬಿಲಿಟಿ ಹಿಸ್ಟರಿ ಅಂತ ಹುಡುಕಿ. ಯಾವ ದಿನ ಯಾವ ಪ್ರೋಗ್ರಾಂ ಬಿತ್ತು ಅಂತ ಕೆಂಪು ಗುರುತು ಹಾಕಿ ತೋರಿಸುತ್ತದೆ. ಹೆಚ್ಚಿನವರು ಇಲ್ಲಿ ಕರ್ನಲ್ ಪವರ್ 41 ನೋಡಿ ಎಸ್‌ಎಂಪಿಎಸ್ ಹೋಯಿತು ಅಂತ ತೀರ್ಮಾನ ಮಾಡಿಬಿಡುತ್ತಾರೆ. ಅದು ಹೇಳುವುದು ಇಷ್ಟೇ, ಪಿಸಿ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅಂತ. ಹ್ಯಾಂಗ್ ಆದಾಗ ನೀವೇ ಬಟನ್ ಒತ್ತಿ ಹಿಡಿದು ಆಫ್ ಮಾಡಿದರೂ ಅದೇ ನಂಬರ್ ಬರುತ್ತದೆ. ನನ್ನ ಪಿಸಿಯಲ್ಲಿ ಅದರ ಹಿಂದೆ ಬೇರೆ ಎರಡು ನಂಬರ್ ಇದ್ದವು. 129, ಅಂದರೆ ಡಿಸ್ಕ್ ಉತ್ತರ ಕೊಡಲಿಲ್ಲ, ರೀಸೆಟ್ ಮಾಡಿದೆ. 157, ಅಂದರೆ ಡಿಸ್ಕ್ ಇದ್ದಕ್ಕಿದ್ದ ಹಾಗೆ ಕಾಣೆಯಾಯಿತು. ಓಡುವ ಗೇಮಿನ ಕೆಳಗಿನಿಂದ ಡಿಸ್ಕೇ ಮಾಯ! ವಿಂಡೋಸ್ ಬೇರೆ ಡಿಸ್ಕಿನಲ್ಲಿ ಇದ್ದಿದ್ದರಿಂದ ಇಷ್ಟಾದರೂ ಬರೆದುಕೊಂಡಿತ್ತು. ಎರಡೂ ಒಂದೇ ಡಿಸ್ಕಿನಲ್ಲಿ ಇದ್ದರೆ ಬರೆಯುವುದಕ್ಕೆ ಜಾಗವೇ ಇರುವುದಿಲ್ಲ, ಲಾಗ್ ಖಾಲಿ ಕಾಣುತ್ತದೆ, ನಾವು ಕಾರ್ಡನ್ನು ಬೈಯುತ್ತಾ ಕೂರುತ್ತೇವೆ.

ಈಗ ನನಗೆ ನಿಜವಾಗಿ ಹಿಡಿಸಿದ ಭಾಗ. ಅಂಗಡಿಯಲ್ಲಿ ಎಸಿ ಇದೆ. ಅಲ್ಲಿ ಹಚ್ಚಿ ಗೇಮ್ ಓಡಿಸಿದರೆ ಏನೂ ಆಗಲಿಲ್ಲ, ಬೆಣ್ಣೆ ಹಾಗೆ ಓಡಿತು. ಇಲ್ಲಿಗೇ ಎಷ್ಟೋ ಅಂಗಡಿಯವರು "ಸರ್ ನಿಮ್ಮ ಪಿಸಿ ಚೆನ್ನಾಗೇ ಇದೆ, ಮನೆ ಕರೆಂಟ್ ಚೆಕ್ ಮಾಡಿಸಿ" ಅಂತ ವಾಪಸ್ ಕಳಿಸುತ್ತಾರೆ. ಇವರು ಎಸಿ ಆಫ್ ಮಾಡಿದರು. ಅದೂ ಸಾಲದೆ ಹಿಂದಿನ ಗೋಡೌನ್ ರೂಮಿಗೆ ಒಯ್ದು, ಕ್ಯಾಬಿನೆಟ್ ಬಾಗಿಲು ಮುಚ್ಚಿ, ನಮ್ಮ ಮನೆಯಲ್ಲಿ ಇಡುವ ಹಾಗೆ ಗೋಡೆಗೆ ಒತ್ತಿಸಿ ಇಟ್ಟರು. ಏಪ್ರಿಲ್ ಕೊನೆಯ ಬಳ್ಳಾರಿ ಮಧ್ಯಾಹ್ನ, ರೂಮಿನೊಳಗೇ 38 ಡಿಗ್ರಿ. ಒಳಗಿನ ಭಾಗಗಳ ಬಿಸಿ ತೋರಿಸುವ ಎಚ್‌ಡಬ್ಲ್ಯು ಇನ್ಫೋ ಅನ್ನುವ ಫ್ರೀ ಸಾಫ್ಟ್‌ವೇರ್ ತೆರೆದಿಟ್ಟು ನೋಡಿದರೆ ಪ್ರೊಸೆಸರ್ ಸರಿ ಇದೆ, ಕಾರ್ಡ್ ಸರಿ ಇದೆ, ಎನ್‌ವಿಎಂಇ ಮಾತ್ರ ಏರುತ್ತಾ ಏರುತ್ತಾ 84 ದಾಟಿತು. ಆಮೇಲೆ ಆ ಸಾಲೇ ಪಟ್ಟಿಯಿಂದ ಮಾಯ, ಗೇಮ್ ಸ್ತಬ್ಧ, ಇಂಜಿನ್ ಸದ್ದು ಮಾತ್ರ ಬರುತ್ತಿದೆ. ಹುಡುಗ ಚಪ್ಪಾಳೆ ಹೊಡೆದ. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಕಾರಣ ನೋಡಿದರೆ ಬಲು ಸರಳ. ಆ ಎಸ್‌ಎಸ್‌ಡಿ ಕೂತಿದ್ದು ಗ್ರಾಫಿಕ್ಸ್ ಕಾರ್ಡಿನ ನೇರ ಬುಡದಲ್ಲಿರುವ ಸ್ಲಾಟಿನಲ್ಲಿ, ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಇಲ್ಲದೆ. 3060 ಗೇಮ್ ಆಡುವಾಗ 170 ವ್ಯಾಟ್‌ವರೆಗೆ ಎಳೆಯುತ್ತದೆ, ಆ ಬಿಸಿಯೆಲ್ಲ ಅಲ್ಲೇ ಸುತ್ತುತ್ತದೆ. ಇಂಥ ಎಸ್‌ಎಸ್‌ಡಿಗಳಿಗೆ ಕಂಪನಿಗಳು ಸಾಮಾನ್ಯವಾಗಿ 70 ಡಿಗ್ರಿ ಮಿತಿ ಅಂತ ಬರೆದಿರುತ್ತವೆ. ನನ್ನ ಕ್ಯಾಬಿನೆಟ್ ಬೇರೆ ಮುಂದುಗಡೆ ಪೂರ್ತಿ ಗ್ಲಾಸ್. ನೋಡಲು ಚಂದ, ಬಣ್ಣಬಣ್ಣದ ಲೈಟ್ ಕಾಣುತ್ತದೆ, ಗಾಳಿ ಮಾತ್ರ ಒಳಗೆ ಹೋಗಲ್ಲ. ಹೋಗುವ ಸಣ್ಣ ಸಂದಿಯಲ್ಲಿ ಇದ್ದ ಜಾಲರಿ ಕೆಂಪು ಧೂಳಿನಿಂದ ಮುಚ್ಚಿಹೋಗಿತ್ತು. ನಮ್ಮ ಮನೆ ಹೊಸಪೇಟೆ ರಸ್ತೆ ಕಡೆ, ಲಾರಿಗಳು ಹಗಲು ರಾತ್ರಿ ಓಡುತ್ತವೆ, ಧೂಳಿನ ಬಗ್ಗೆ ಬಳ್ಳಾರಿಯವರಿಗೆ ಬೇರೆ ಹೇಳಬೇಕಾ?

ಯೂಟ್ಯೂಬಿನಲ್ಲಿ ಟೆಂಪರೇಚರ್ ತೋರಿಸುವ ವಿಡಿಯೋಗಳನ್ನು ನಂಬಿ ಪಿಸಿ ಕಟ್ಟಿಸುವವರಿಗೆ ಒಂದು ಮಾತು. ಅವರ ರೂಮು 22, 25 ಡಿಗ್ರಿ ಇರುತ್ತದೆ. ನಮ್ಮದು ಬೇಸಿಗೆಯಲ್ಲಿ 38. ಆ ಹದಿಮೂರರಿಂದ ಹದಿನಾರು ಡಿಗ್ರಿ ವ್ಯತ್ಯಾಸವನ್ನು ಅವರು ತೋರಿಸುವ ನಂಬರಿಗೆ ಕೂಡಿಸಿಕೊಂಡು ನೋಡಿ. ಬಳ್ಳಾರಿ, ರಾಯಚೂರಿನಲ್ಲಿ ಪಿಸಿ ತಗೊಳ್ಳುವವರು ಲೈಟಿಗೆ ಕೊಡುವ ದುಡ್ಡನ್ನು ಮುಂದೆ ಜಾಲರಿ ಇರುವ ಕ್ಯಾಬಿನೆಟ್ಟಿಗೆ ಕೊಡಬೇಕು. ಇದು ನನ್ನ ಖಡಕ್ ಅಭಿಪ್ರಾಯ, ಜಗಳಕ್ಕೆ ಬರುವವರು ಬನ್ನಿ.

ರಿಪೇರಿ ಅಂತ ಮಾಡಿದ್ದು ಇಷ್ಟು. ಬ್ಲೋವರ್ ಹಚ್ಚಿ ಧೂಳು ತೆಗೆದರು. ಎಸ್‌ಎಸ್‌ಡಿಯನ್ನು ಕೆಳಗಿನ ಎರಡನೇ ಸ್ಲಾಟಿಗೆ ಹಾಕಿ ಮೇಲೊಂದು ಹೀಟ್‌ಸಿಂಕ್ ಕೂರಿಸಿದರು. ನನ್ನದು ಬಿ550 ಮದರ್‌ಬೋರ್ಡು, ಅದರಲ್ಲಿ ಎರಡನೇ ಸ್ಲಾಟ್ ಹಳೆಯ ಪಿಸಿಐಇ 3.0 ವೇಗದ್ದು, ಅಂದರೆ ಮೊದಲನೆಯದಕ್ಕಿಂತ ನಿಧಾನ. ಗೇಮಿನಲ್ಲಿ ವ್ಯತ್ಯಾಸ ನನಗಂತೂ ಗೊತ್ತಾಗಿಲ್ಲ. ಆ ಸ್ಲಾಟ್ ಬಳಸಿದರೆ ನನ್ನ ಬೋರ್ಡಿನಲ್ಲಿ ಎರಡು ಸಾಟಾ ಪೋರ್ಟ್ ಬಂದ್ ಆಗುತ್ತವೆ, ಅದರಲ್ಲೊಂದಕ್ಕೆ ವಿಂಡೋಸ್ ಡಿಸ್ಕ್ ಸಿಕ್ಕಿಸಿತ್ತು. ಅದನ್ನು ಮ್ಯಾನ್ಯುಯಲ್ ನೋಡಿ ಮೊದಲೇ ಬೇರೆ ಪೋರ್ಟಿಗೆ ಬದಲಾಯಿಸಿದ್ದರು. ಮ್ಯಾನ್ಯುಯಲ್ ಓದುವ ರಿಪೇರಿಯವರನ್ನು ನಾನು ಇದೇ ಮೊದಲ ಸಲ ನೋಡಿದ್ದು. ಎರಡು ಫ್ಯಾನ್ ಹೆಚ್ಚಿಗೆ ಹಾಕಿದರು. ಸರ್ವಿಸ್ 700, ಹೀಟ್‌ಸಿಂಕ್ 350, ಫ್ಯಾನ್ ಎರಡಕ್ಕೆ 800. ಒಟ್ಟು 1,850 ರೂಪಾಯಿ. ಆ 28,000 ಪಕ್ಕದಲ್ಲಿ ಇಟ್ಟು ನೋಡಿ. ಈಗ ಮಧ್ಯಾಹ್ನ ಆಡಿದರೂ ಎಸ್‌ಎಸ್‌ಡಿ 62, 63ರ ಆಸುಪಾಸಲ್ಲೇ ಇರುತ್ತದೆ. ಹ್ಯಾಂಗ್ ಪೂರ್ತಿ ನಿಂತಿದೆ.

ಗೇಮ್ ತಾನೇ ಮುಚ್ಚಿಕೊಳ್ಳುವ ಕಾಯಿಲೆ ಬೇರೆಯದೇ ಆಗಿತ್ತು. ಅದಕ್ಕೆ ಅವರು ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಗೇಮ್ ಬರೆದಿಡುವ ಲಾಗ್ ಫೈಲ್ ತೆಗೆದು ಕೊನೆಯ ಸಾಲುಗಳನ್ನು ಓದಿದರು. ಪ್ರತಿ ಸಲ ಕೊನೆಯಲ್ಲಿ ನನ್ನ ಬಸ್ ಮಾಡಿನ ಹೆಸರೇ ಎರರ್ ಆಗಿ ಬಂದಿತ್ತು. ಗೇಮ್ ಅಪ್‌ಡೇಟ್ ಆಗಿದೆ, ಮಾಡ್ ಹಳೆಯ ವರ್ಷನ್ನಿನದು. ಎಲ್ಲ ಮಾಡ್ ತೆಗೆದು ಹೊಸ ಪ್ರೊಫೈಲ್ ಮಾಡಿ, ಗೇಮ್ ಕೊಂಡು ಇಳಿಸಿಕೊಳ್ಳುವ ಸ್ಟೀಮ್ ಆ್ಯಪಿನಲ್ಲಿ ಫೈಲ್‌ಗಳನ್ನು ವೆರಿಫೈ ಮಾಡಿಸಿ ಓಡಿಸಿದರೆ ಒಂದು ಸಲವೂ ಬೀಳಲಿಲ್ಲ. ಹೀಗೆ ಒಂದೇ ಪಿಸಿಯಲ್ಲಿ ಎರಡು ತೊಂದರೆ ಒಟ್ಟಿಗೆ ಇದ್ದರೆ ತಲೆ ಕೆಡುವುದು ಸಹಜ. ಒಂದನ್ನು ಸರಿ ಮಾಡಿದರೂ ಇನ್ನೊಂದು ಉಳಿಯುತ್ತದೆ, ಏನೂ ಸರಿಯಾಗಿಲ್ಲ ಅನ್ನಿಸುತ್ತದೆ.

ಕೇಳದಿದ್ದರೂ ಯುಪಿಎಸ್ ಬಗ್ಗೆ ಎಚ್ಚರಿಕೆ ಕೊಟ್ಟರು. ನಮ್ಮ ಮನೆಗಳಲ್ಲಿ ಇರುವ 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ಗೇಮ್ ಆಡುವಾಗ ಕಾರ್ಡ್, ಪ್ರೊಸೆಸರ್, ಮಾನಿಟರ್ ಸೇರಿ ಅದರ ಹತ್ತಿರಕ್ಕೆ ಹೋಗುತ್ತವೆ. ಬ್ಯಾಟರಿ ಹಳೆಯದಾಗಿದ್ದರೆ ಕರೆಂಟ್ ಹೋದ ತಕ್ಷಣ ಕೀ ಅಂತ ಕೂಗಿ ಎಲ್ಲ ಆಫ್. ಮನೆ ಇನ್ವರ್ಟರ್ ಮೇಲೆ ಪಿಸಿ ಓಡಿಸುವವರು ಅದರ ಹಿಂದೆ ಯುಪಿಎಸ್ ಮೋಡ್ ಅನ್ನುವ ಸ್ವಿಚ್ ಇದೆಯಾ ನೋಡಿ. ಇದ್ದರೆ ಅದಕ್ಕೆ ಹಾಕಿ. ಮಾಮೂಲಿ ಮೋಡಿನಲ್ಲಿ ಬದಲಾಗುವಷ್ಟರಲ್ಲಿ ಎಸ್‌ಎಂಪಿಎಸ್ ದಮ್ಮು ಮುಗಿದು ಪಿಸಿ ರೀಸ್ಟಾರ್ಟ್ ಆಗಿಬಿಡಬಹುದು.

ನಾನು ಕೂತಿದ್ದಾಗ ಗುಂತಕಲ್ ಕಡೆಯಿಂದ ಒಬ್ಬರು ಬಂದಿದ್ದರು, ಮಾತೆಲ್ಲ ತೆಲುಗಿನಲ್ಲೇ ನಡೆಯಿತು. ಅವರ ಗೇಮ್ ಶುರುವಾಗುವಾಗಲೇ ವಿಡಿಯೋ ಮೆಮೊರಿ ಸಾಲದು ಅಂತ ಬೀಳುತ್ತಿತ್ತಂತೆ, ಕಾರ್ಡಿನಲ್ಲಿ ಬೇಕಾದಷ್ಟು ಮೆಮೊರಿ ಇದ್ದರೂ. ಹುಡುಗ ಕೇಳಿದ್ದು ಒಂದೇ, ಪ್ರೊಸೆಸರ್ ಯಾವುದು ಅಂತ. ಇಂಟೆಲ್ 13 ಮತ್ತು 14ನೇ ಜನರೇಷನ್ನಿನ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಈ ಲಕ್ಷಣ ಗೊತ್ತಿರುವ ವಿಷಯ. ಇಂಟೆಲ್ 2024ರ ಆಗಸ್ಟಿನಲ್ಲಿ ಅದಕ್ಕೆ 0ಎಕ್ಸ್129 ಅನ್ನುವ ಮೈಕ್ರೋಕೋಡ್ (ಚಿಪ್ಪಿನ ಒಳಗಿನ ಪ್ರೋಗ್ರಾಂಗೆ ತಿದ್ದುಪಡಿ) ಬಿಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಅದನ್ನು ಹಾಕಲು ಬಯೋಸ್, ಅಂದರೆ ಮದರ್‌ಬೋರ್ಡಿನ ಸಾಫ್ಟ್‌ವೇರ್, ಅಪ್‌ಡೇಟ್ ಮಾಡಿದರೆ ಮುಂದೆ ಹಾಳಾಗುವುದು ತಪ್ಪಬಹುದು, ಆಗಲೇ ಹಾಳಾದ ಚಿಪ್ ಮಾತ್ರ ಅದರಿಂದ ಸರಿಯಾಗಲ್ಲ, ವಾರಂಟಿಯಲ್ಲೇ ಬದಲಾಯಿಸಬೇಕು. ಅವರಿಗೂ ಹಾಗೇ ಹೇಳಿ ಕಳಿಸಿದ. ದುಡ್ಡು ತಗೊಳ್ಳಲಿಲ್ಲ.

ಇನ್ನು ಬೈಗುಳ. ಫೋನ್ ಎತ್ತುವುದಿಲ್ಲ. ನಾಳೆ ಸಂಜೆ ಅಂದರೆ ಅದು ಯಾವ ನಾಳೆ ಅಂತ ದೇವರಿಗೇ ಗೊತ್ತು. ವಾಟ್ಸಾಪಿಗೆ ನೀಲಿ ಟಿಕ್ ಬೀಳುತ್ತದೆ, ಉತ್ತರ ಬರಲ್ಲ. ಬಿಲ್ ಕೇಳಿದರೆ ಚೀಟಿಯಲ್ಲಿ ಬರೆದು ಕೊಡಲು ನೋಡುತ್ತಾರೆ, ಫ್ಯಾನಿಗೆ ವಾರಂಟಿ ಬೇಕಲ್ಲ ಅಂತ ಒತ್ತಾಯ ಮಾಡಿದ ಮೇಲೆ ಸರಿಯಾದ ಬಿಲ್ ಬಂತು. ಒಳಗೆ ವೈರ್ ಎಲ್ಲ ಹೇಗೋ ಒಂದು ಟ್ಯಾಗ್ ಹಾಕಿ ಬಿಗಿದಿದ್ದಾರೆ, ಗ್ಲಾಸಿನಿಂದ ನೋಡಿದರೆ ಅಸಹ್ಯ. ಎಲ್ಲಕ್ಕಿಂತ ಸಿಟ್ಟು ಬಂದಿದ್ದು ಇದಕ್ಕೆ: ಟೆಸ್ಟಿಂಗ್ ಅಂತ ಮೊದಲು ನನ್ನದೇ ಪ್ರೊಫೈಲಿನಲ್ಲಿ ಆಡಿದ್ದಾರೆ. ಸಿಗ್ನಲ್ ಜಂಪ್ ಮಾಡಿ, ಕಂಡವರಿಗೆ ಗುದ್ದಿ, ನಾನು ಕಷ್ಟಪಟ್ಟು ಕೂಡಿಟ್ಟ ಯೂರೋಗಳನ್ನೆಲ್ಲ ದಂಡ ಕಟ್ಟಿ ಮುಗಿಸಿದ್ದರು. ಕೇಳಿದರೆ "ಲೋಡ್ ಟೆಸ್ಟ್ ಮಾಡ್ಬೇಕಲ್ಲಣ್ಣ" ಅಂತ ನಗುತ್ತಾನೆ.

ಹಾಗಾಗಿ ಕೊಡುವ ಮುಂಚೆ ಸೇವ್ ಫೋಲ್ಡರ್ ಪೆನ್‌ಡ್ರೈವಿಗೆ ಕಾಪಿ ಮಾಡಿಕೊಳ್ಳಿ, ಬ್ರೌಸರಿನಲ್ಲಿ ಜಿಮೇಲ್, ಬ್ಯಾಂಕ್ ಎಲ್ಲ ಲಾಗೌಟ್ ಮಾಡಿ, ಸ್ಟೀಮ್ ಮಾತ್ರ ಬಿಡಿ. ಹ್ಯಾಂಗ್ ಆಗುವಾಗ ಮೊಬೈಲಿನಲ್ಲಿ ಸೌಂಡ್ ಸಮೇತ ಒಂದು ವಿಡಿಯೋ ಮಾಡಿ ಒಯ್ಯಿರಿ, ಅವರ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಅರ್ಜೆಂಟ್ ಇದ್ದವರು, ಆಫೀಸ್ ಲ್ಯಾಪ್‌ಟಾಪ್ ಒಂದೇ ದಿನದಲ್ಲಿ ಬೇಕು ಅನ್ನುವವರು ಅಲ್ಲಿಗೆ ಹೋಗಬೇಡಿ. ಯಾರಿಗೂ ಅರ್ಥವಾಗದ ಕಾಯಿಲೆ ಇದ್ದರೆ ಹೋಗಿ. ಐದಕ್ಕೆ ನಾಲ್ಕು ಕೊಡುತ್ತೇನೆ. ಕಾರ್ ಒಯ್ದರೆ ಓಣಿಯಲ್ಲಿ ನಿಲ್ಲಿಸಲು ಜಾಗ ಇಲ್ಲ, ಆಟೋದಲ್ಲಿ ಕ್ಯಾಬಿನೆಟ್ ಮಡಿಲಲ್ಲಿ ಇಟ್ಟುಕೊಂಡು ಹೋಗುವುದೇ ವಾಸಿ.