ಬಿ.ಪಿ.ಇಡಿ. ಪದವಿಯೋ, ಎನ್‌ಐಎಸ್ ಡಿಪ್ಲೊಮಾವೋ?

ಹಾಸನದಲ್ಲಿ ಪದವಿ ಮುಗಿಸಿ ಕ್ರೀಡೆಯನ್ನೇ ವೃತ್ತಿಯಾಗಿ ಆರಿಸಿಕೊಳ್ಳಬಯಸುವವರ ಎದುರಿಗೆ ಮುಖ್ಯವಾಗಿ ಎರಡು ದಾರಿಗಳಿವೆ. ಬಿ.ಪಿ.ಇಡಿ. ಎಂಬುದು ನಾಲ್ಕು ಸೆಮಿಸ್ಟರುಗಳ, ಅಂದರೆ 2 ವರ್ಷಗಳ, ದೈಹಿಕ ಶಿಕ್ಷಣದ ಶಿಕ್ಷಕ ತರಬೇತಿ ಪದವಿ. ಅಂಗರಚನೆ, ಬೋಧನಾಭ್ಯಾಸ, ಹಲವು ಆಟಗಳ ನಿಯಮ, ಅಂಕಣಕ್ಕೆ ಗೆರೆ ಹಾಕುವ ಕ್ರಮ ಎಲ್ಲವನ್ನೂ ಅದು ಒಂದಿಷ್ಟು ಕಲಿಸುತ್ತದೆ. 1961ರಲ್ಲಿ ಪಟಿಯಾಲದಲ್ಲಿ ಆರಂಭವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ, ಅಂದರೆ ಎನ್‌ಐಎಸ್‌ನ, ತರಬೇತುದಾರರ ಡಿಪ್ಲೊಮಾ ಇದಕ್ಕೆ ವಿರುದ್ಧವಾಗಿ ಒಂದೇ ಆಟವನ್ನು ಹಿಡಿದು ಆಳಕ್ಕಿಳಿಯುತ್ತದೆ. ಋತುವಿಡೀ ಅಭ್ಯಾಸವನ್ನು ಹೇಗೆ ಹಂಚಬೇಕು, ಆಟಗಾರನ ಆಯಾಸವನ್ನು ಹೇಗೆ ಅಳೆಯಬೇಕು ಎಂಬುದು ಅಲ್ಲಿನ ಮುಖ್ಯ ಪಾಠ.

ಪ್ರೌಢಶಾಲೆಯ ದೈಹಿಕ ಶಿಕ್ಷಕರ ಹುದ್ದೆಯೇ ಗುರಿಯಾಗಿದ್ದರೆ ಚರ್ಚೆಗೆ ಅವಕಾಶವಿಲ್ಲ, ಬಿ.ಪಿ.ಇಡಿ. ಬೇಕೇ ಬೇಕು. ಆದರೆ ವಿಶ್ವವಿದ್ಯಾಲಯದ ತಂಡದಲ್ಲಿ ವಾಲಿಬಾಲನ್ನೋ ಕಬಡ್ಡಿಯನ್ನೋ ವರ್ಷಗಟ್ಟಲೆ ಆಡಿದವರು ಆ ಅನುಭವವನ್ನು ಹತ್ತು ಆಟಗಳಲ್ಲಿ ತೆಳುವಾಗಿಸುವುದು ನನ್ನ ದೃಷ್ಟಿಯಲ್ಲಿ ನಷ್ಟ. ಅಂಥವರಿಗೆ ಡಿಪ್ಲೊಮಾವೇ ಸೂಕ್ತ. ಎನ್‌ಐಎಸ್ ಹೆಸರಿನಲ್ಲಿಯೇ 6 ವಾರಗಳ ಪ್ರಮಾಣಪತ್ರ ಕೋರ್ಸೂ ಇರುವುದರಿಂದ, ಯಾರಾದರೂ ತಾವು ‘ಎನ್‌ಐಎಸ್ ಕೋಚ್’ ಎಂದಾಗ ಯಾವುದನ್ನು ಮಾಡಿದ್ದಾರೆಂದು ಕೇಳುವುದು ಒಳ್ಳೆಯದು, ಎರಡಕ್ಕೂ ಅಜಗಜಾಂತರವಿದೆ.

ಜಿಮ್ ತರಬೇತುದಾರರ ಅಲ್ಪಾವಧಿ ಕೋರ್ಸುಗಳಿಂದ ಬೇಗ ಸಂಪಾದನೆ ಶುರುವಾಗಬಹುದು, ಶಾಲೆಯ ಹುದ್ದೆ ದೊರೆಯದು. ಚಿಕ್ಕಮಗಳೂರಿನ ಗಿರಿಶ್ರೇಣಿಯಲ್ಲಿ ಚಾರಣ ಮಾರ್ಗದರ್ಶಕರಾಗಬಯಸುವವರಿಗಂತೂ ಬಿ.ಪಿ.ಇಡಿ., ಡಿಪ್ಲೊಮಾ ಎರಡಕ್ಕಿಂತ ಮೊದಲು ಬೇಕಾದದ್ದು ಪ್ರಥಮ ಚಿಕಿತ್ಸೆಯ ತರಬೇತಿ.