‘ಟ್ರಿಬ್ಯೂಟ್’: ಕೊನೆಯ ನಾಲ್ಕು ನಿಮಿಷಗಳಲ್ಲಿ ಸಿಗುವ ರ‍್ಯಾಂಡಿ ರೋಡ್ಸ್

1982ರ ಮಾರ್ಚ್ 19ರಂದು ಫ್ಲಾರಿಡಾದ ಲೀಸ್‌ಬರ್ಗ್‌ನಲ್ಲಿ ಪುಟ್ಟ ವಿಮಾನವೊಂದು ತೀರಾ ಕೆಳಗೆ ಹಾರಿ, ನಿಂತಿದ್ದ ಬಸ್ಸಿಗೆ ರೆಕ್ಕೆ ತಗುಲಿ, ಪಕ್ಕದ ಮನೆಯ ಗ್ಯಾರೇಜಿಗೆ ಅಪ್ಪಳಿಸಿ ಉರಿದುಹೋಯಿತು. ಅದರಲ್ಲಿದ್ದ ಮೂವರೂ ಬದುಕಲಿಲ್ಲ. ಅವರಲ್ಲೊಬ್ಬರಾದ ಗಿಟಾರ್ ವಾದಕ ರ‍್ಯಾಂಡಿ ರೋಡ್ಸ್ ಅವರಿಗೆ ಆಗ 25 ವರ್ಷ. ಹೆವಿ ಮೆಟಲ್ ಗಾಯಕ ಓಝಿ ಆಸ್ಬೋರ್ನ್ ಅವರ ತಂಡದಲ್ಲಿ ಅವರು ನುಡಿಸಿ ಮುಗಿಸಿದ್ದು 1980ರ ‘ಬ್ಲಿಝಾರ್ಡ್ ಆಫ್ ಓಝ್’ ಮತ್ತು 1981ರ ‘ಡೈರಿ ಆಫ್ ಎ ಮ್ಯಾಡ್‌ಮ್ಯಾನ್’ ಎಂಬ ಎರಡೇ ಸ್ಟುಡಿಯೊ ಆಲ್ಬಮ್‌ಗಳನ್ನು. ಅವರು ತೀರಿಕೊಂಡ ವರ್ಷವೇ ಆಸ್ಬೋರ್ನ್ ಅವರ ಲೈವ್ ಆಲ್ಬಮ್ ಒಂದು ಬಂತಾದರೂ ಅದರಲ್ಲಿ ಗಿಟಾರ್ ಹಿಡಿದವರು ಬ್ರ್ಯಾಡ್ ಗಿಲಿಸ್. ಹಾಡುಗಳೆಲ್ಲ ಆಸ್ಬೋರ್ನ್ ಹಿಂದೆ ಹಾಡುತ್ತಿದ್ದ ಬ್ಲ್ಯಾಕ್ ಸಬ್ಬಾತ್ ತಂಡದವು. ರೋಡ್ಸ್ ಅವರ ವೇದಿಕೆಯ ವಾದನವನ್ನು ಕೇಳಲು ಅಭಿಮಾನಿಗಳು 1987ರವರೆಗೆ, ‘ಟ್ರಿಬ್ಯೂಟ್’ ಹೊರಬರುವವರೆಗೆ, ಕಾಯಬೇಕಾಯಿತು.

ಆ ಆಲ್ಬಮನ್ನು ಇಷ್ಟು ವರ್ಷಗಳ ಮೇಲೆ ವಿಮರ್ಶಿಸಲು ನನಗಿರುವ ಕಾರಣ ಸರಳವಾದದ್ದು. ಸತ್ತ ಕಲಾವಿದನ ಹೆಸರಿನಲ್ಲಿ ಬರುವ ಸ್ಮರಣ ಸಂಪುಟಗಳು ಸಾಮಾನ್ಯವಾಗಿ ಹೊಗಳಿಕೆಯ ಹೊದಿಕೆಯಲ್ಲಿ ಉಳಿಕೆ ಸರಕನ್ನು ಮಾರುತ್ತವೆ. ಇದು ಹಾಗಲ್ಲ ಎಂದು ನಾನು ನಂಬಿದ್ದೆ, ಈಚೆಗೆ ಮತ್ತೆ ಮೊದಲಿನಿಂದ ಕೊನೆಯವರೆಗೆ ಕೇಳಿದ ಮೇಲೂ ನಂಬುತ್ತೇನೆ.

ಹದಿನಾಲ್ಕು ಭಾಗಗಳಲ್ಲಿ ಬಹುಪಾಲು 1981ರ ಮೇ 11ರಂದು ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ ಧ್ವನಿಮುದ್ರಿತವಾದವು. ಈ ತಾರೀಕನ್ನು ಗಮನಿಸಬೇಕು. ‘ಬ್ಲಿಝಾರ್ಡ್’ ಅಮೆರಿಕದ ಅಂಗಡಿಗಳಿಗೆ ಬಂದು ಆಗ ಎರಡು ತಿಂಗಳೂ ಆಗಿರಲಿಲ್ಲ. ‘ಡೈರಿ’ಯ ಧ್ವನಿಮುದ್ರಣ ಮುಗಿದಿದ್ದರೂ ಅದು ಬಿಡುಗಡೆಯಾದದ್ದು ನವೆಂಬರಿನಲ್ಲಿ. ಅಂದರೆ ‘ಬಿಲೀವರ್’ ಮತ್ತು ‘ಫ್ಲೈಯಿಂಗ್ ಹೈ ಅಗೇನ್’ ಹಾಡುಗಳನ್ನು ಆ ಸಭೆ ಕೇಳುತ್ತಿದ್ದುದು ಇನ್ನೂ ಯಾವ ಧ್ವನಿಮುದ್ರಿಕೆಯಲ್ಲೂ ಸಿಗದ ಹೊಸ ಹಾಡುಗಳಾಗಿ. ಗೊತ್ತಿರುವ ಹಾಡಿನ ಮೊದಲ ಗಿಟಾರ್ ಪಲುಕು, ಅಂದರೆ ರಿಫ್‌ಗೆ ಏಳುವ ಕೂಗಿಗೂ ಗೊತ್ತಿಲ್ಲದ ಹಾಡಿನ ಸೋಲೋ (ಒಂದೇ ವಾದ್ಯ ಮುಂದೆ ಬಂದು ನುಡಿಯುವ ಭಾಗ) ಮುಗಿದಾಗ ಏಳುವ ಕೂಗಿಗೂ ವ್ಯತ್ಯಾಸವಿದೆ, ಮತ್ತು ಎರಡನೆಯದನ್ನು ಗಳಿಸುವುದು ಹೆಚ್ಚು ಕಷ್ಟ.

ಸ್ಟುಡಿಯೊದಲ್ಲಿ ರೋಡ್ಸ್ ತಮ್ಮ ಸೋಲೋಗಳನ್ನು ಮೂರು ಮೂರು ಬಾರಿ, ಸ್ವರಕ್ಕೆ ಸ್ವರ ಕೂಡುವಂತೆ ನುಡಿಸಿ ಒಂದರ ಮೇಲೊಂದು ಪದರವಾಗಿ ಕೂರಿಸುತ್ತಿದ್ದರು. ಆ ಎರಡು ಆಲ್ಬಮ್‌ಗಳ ಗಿಟಾರ್ ನಾದಕ್ಕೆ ಇರುವ ದಪ್ಪ, ತುಸು ಅಲುಗಾಡುವ ಹೊಳಪು ಬಂದದ್ದು ಅಲ್ಲಿಂದ. ವೇದಿಕೆಯ ಮೇಲೆ ಆ ಅನುಕೂಲವಿಲ್ಲ. ಒಂದೇ ಗಿಟಾರ್, ಜೊತೆಗೆ ರೂಡಿ ಸಾರ್ಜೊ ಅವರ ಬೇಸ್, ಟಾಮಿ ಆಲ್ಡ್ರಿಜ್ ಅವರ ಡ್ರಮ್ಸ್, ಹಿನ್ನೆಲೆಯಲ್ಲಿ ಕೀಬೋರ್ಡ್. ಪದರಗಳಿಲ್ಲದ ಜಾಗವನ್ನು ಅವರು ಹೇಗೆ ತುಂಬುತ್ತಾರೆ ಎಂಬುದೇ ಈ ಆಲ್ಬಮಿನ ಮುಖ್ಯ ಆಕರ್ಷಣೆ. ‘ಕ್ರೇಜಿ ಟ್ರೇನ್’ನಲ್ಲಿ ಹಾಡಿನ ಸಾಲು ಮುಗಿದು ಮುಂದಿನ ಸಾಲು ಶುರುವಾಗುವ ನಡುವಿನ ಸಣ್ಣ ಬಿಡುವಿನಲ್ಲೂ ಒಂದು ತಿರುವನ್ನು ಸೇರಿಸುತ್ತಾರೆ, ಅದೇ ತಿರುವು ಮುಂದಿನ ಚರಣದಲ್ಲಿ ಬೇರೆಯದಾಗಿರುತ್ತದೆ. ‘ಮಿಸ್ಟರ್ ಕ್ರೌಲಿ’ಯ ಎರಡು ಸೋಲೋಗಳಲ್ಲಿ ಕೊನೆಯದನ್ನು ಅವರು ಅಳೆದು ತೂಗಿ ಕಟ್ಟಿರುವ ರೀತಿ ನೋಡಿದರೆ, ವೇಗವಾಗಿ ನುಡಿಸಬಲ್ಲವರಿಗೆ ವೇಗದ ಆಸೆ ಇಷ್ಟು ಕಡಿಮೆ ಇರಲು ಸಾಧ್ಯವೇ ಎನ್ನಿಸುತ್ತದೆ.

ಎಲ್ಲವೂ ಈ ಮಟ್ಟದಲ್ಲಿಲ್ಲ. ‘ಸ್ಟೀಲ್ ಅವೇ’ ಹಾಡಿನೊಳಗೆ ಬರುವ ಡ್ರಮ್ ಸೋಲೋ ಸಭೆಯಲ್ಲಿ ಕೂತವರಿಗೆ ರೋಮಾಂಚನ ತಂದಿರಬಹುದು, ಮನೆಯಲ್ಲಿ ಕೇಳುವವರಿಗೆ ಅದು ತಾಳ್ಮೆಯ ಪರೀಕ್ಷೆ. ‘ಐರನ್ ಮ್ಯಾನ್’, ‘ಚಿಲ್ಡ್ರನ್ ಆಫ್ ದ ಗ್ರೇವ್’, ‘ಪ್ಯಾರನಾಯ್ಡ್’ ಎಂಬ ಮೂರು ಸಬ್ಬಾತ್ ಹಾಡುಗಳಲ್ಲಿ ರೋಡ್ಸ್ ಆ ತಂಡದ ಗಿಟಾರ್ ವಾದಕ ಟೋನಿ ಅಯೋಮಿ ಅವರ ಅಂಗಿಯನ್ನು ತೊಟ್ಟು ತೋಳು ಮಡಿಚಿಕೊಂಡವರಂತೆ ಕೇಳಿಸುತ್ತಾರೆ: ಅಯೋಮಿ ಭಾರವಾಗಿ, ಖಾಲಿಯಾಗಿ ಬಿಟ್ಟ ಕಡೆಗಳಲ್ಲೆಲ್ಲ ಇವರಿಗೆ ಅಲಂಕಾರ ಹಾಕದೆ ಇರಲಾಗುವುದಿಲ್ಲ. ಸ್ಮರಣೆಯ ಸಂಪುಟದಲ್ಲಿ ಇವುಗಳಿಗೆ ಇಷ್ಟು ಜಾಗ ಬೇಕಿರಲಿಲ್ಲ. ಆದರೆ ‘ಸೂಯಿಸೈಡ್ ಸೊಲ್ಯೂಷನ್’ ಹಾಡಿನಲ್ಲಿ ಉಳಿದವರೆಲ್ಲ ನಿಂತು, ಅವರೊಬ್ಬರೇ ಬೆರಳ ತುದಿಯಿಂದ ತಂತಿಯನ್ನು ತಟ್ಟುತ್ತ ನುಡಿಸುವ ಭಾಗಕ್ಕಾಗಿ ಅದನ್ನೆಲ್ಲ ಮನ್ನಿಸಬಹುದು.

ಬಳಿಕ ಬರುವ ‘ಗುಡ್‌ಬೈ ಟು ರೊಮಾನ್ಸ್’ ಮತ್ತು ‘ನೋ ಬೋನ್ ಮೂವೀಸ್’ ಬೇಸ್ ವಾದಕ ಬಾಬ್ ಡೇಸ್ಲಿ ಮತ್ತು ಡ್ರಮ್ಸ್ ವಾದಕ ಲೀ ಕರ್ಸ್ಲೇಕ್ ಅವರು ತಂಡದಲ್ಲಿದ್ದ ದಿನಗಳವು. ಆ ಇಬ್ಬರೂ ಎರಡು ಸ್ಟುಡಿಯೊ ಆಲ್ಬಮ್‌ಗಳಲ್ಲಿ ನುಡಿಸಿದ್ದರೂ ‘ಡೈರಿ’ಯ ಮೇಲೆ ಅಚ್ಚಾದದ್ದು ಅವರ ನಂತರ ಬಂದವರ ಹೆಸರು ಎಂಬುದನ್ನು ಬಲ್ಲವರಿಗೆ, ಇಲ್ಲಿ ಅವರ ಹೆಸರು ಇರುವುದು ಸಣ್ಣ ಸಮಾಧಾನ.

ಹದಿನಾಲ್ಕನೆಯ ಭಾಗದ ಹೆಸರು ‘ಡೀ’. ತಾಯಿ ಡೆಲೋರಸ್ ಅವರಿಗಾಗಿ ರೋಡ್ಸ್ ರಚಿಸಿದ ಪುಟ್ಟ ಶಾಸ್ತ್ರೀಯ ಗಿಟಾರ್ ಕೃತಿ ಇದು. ‘ಬ್ಲಿಝಾರ್ಡ್’ನಲ್ಲಿ ಒಂದು ನಿಮಿಷವೂ ಇಲ್ಲ. ಡೆಲೋರಸ್ ಅವರು ಕ್ಯಾಲಿಫೋರ್ನಿಯಾದ ನಾರ್ತ್ ಹಾಲಿವುಡ್‌ನಲ್ಲಿ ಮ್ಯುಸೋನಿಯ ಎಂಬ ಸಂಗೀತ ಶಾಲೆಯನ್ನು ನಡೆಸುತ್ತಿದ್ದರು. ಮಗ ಕಲಿತದ್ದೂ ಅಲ್ಲೇ, ಮುಂದೆ ಮಕ್ಕಳಿಗೆ ಕಲಿಸಿದ್ದೂ ಅಲ್ಲೇ. ಹೆಸರು ಬಂದ ಮೇಲೂ ಅವರು ಪ್ರವಾಸ ಹೋದ ಊರುಗಳಲ್ಲಿ ಶಾಸ್ತ್ರೀಯ ಗಿಟಾರಿನ ಮೇಷ್ಟ್ರುಗಳನ್ನು ಹುಡುಕಿಕೊಂಡು ಹೋಗಿ ಪಾಠ ಹೇಳಿಸಿಕೊಳ್ಳುತ್ತಿದ್ದರು. ‘ಟ್ರಿಬ್ಯೂಟ್’ನಲ್ಲಿ ಇರುವುದು ಆ ಕೃತಿಯ ತಿದ್ದಿ ಮುಗಿಸಿದ ರೂಪವಲ್ಲ, ಸ್ಟುಡಿಯೊದಲ್ಲಿ ಉಳಿದುಹೋಗಿದ್ದ ಟೇಪು. ಇಂಗ್ಲೆಂಡಿನ ರಿಜ್ ಫಾರ್ಮ್ ಸ್ಟುಡಿಯೊದಲ್ಲಿ ಅಂದು ಧ್ವನಿಮುದ್ರಣ ಮಾಡಿದ್ದ ಮ್ಯಾಕ್ಸ್ ನಾರ್ಮನ್ ಅವರೇ ಈ ಆಲ್ಬಮಿನ ನಿರ್ಮಾಪಕರೂ ಆಗಿದ್ದರಿಂದ, ಯಾವ ಟೇಪನ್ನು ಹುಡುಕಬೇಕೆಂದು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ.

ನಾಲ್ಕು ನಿಮಿಷಕ್ಕೂ ತುಸು ಹೆಚ್ಚಿನ ಈ ತುಣುಕಿನಲ್ಲಿ ಸಭಿಕರಿಲ್ಲ, ಡ್ರಮ್ಸ್ ಇಲ್ಲ. ರೋಡ್ಸ್ ಶುರು ಮಾಡುತ್ತಾರೆ, ಒಂದು ಸ್ವರ ಮನಸ್ಸಿಗೆ ಬಂದಂತೆ ಬೀಳದೆ ನಿಲ್ಲಿಸುತ್ತಾರೆ, ಗಾಜಿನ ಆಚೆ ಇರುವವರೊಂದಿಗೆ ಎರಡು ಮಾತಾಡುತ್ತಾರೆ, ಮತ್ತೆ ಮೊದಲಿಂದ ಹಿಡಿಯುತ್ತಾರೆ. ಮೆದು ದನಿ. ವೇದಿಕೆಯ ಮೇಲೆ ಗೋಡೆ ಅದುರಿಸುವ ಗಿಟಾರಿನ ಹಿಂದೆ ಇದ್ದದ್ದು ಈ ದನಿಯೇ ಎಂದು ತಿಳಿಯಲು ಬೇರೆ ದಾರಿ ಇರಲಿಲ್ಲ. ಎಡಗೈ ಬೆರಳು ತಂತಿಯ ಮೇಲೆ ಜಾರುವಾಗಿನ ಕೀಚು ಸದ್ದೂ ಅಳಿಸದೆ ಉಳಿದಿದೆ. ಕಛೇರಿಗೆ ಹೋಗಿ ಕೇಳಿದವರಿಗೆ ಸಿಗದ, ಮನೆಯ ಸಾಧಕವನ್ನು ಬಾಗಿಲ ಹೊರಗೆ ನಿಂತು ಕೇಳಿದವರಿಗಷ್ಟೇ ಸಿಗುವ ಸಲುಗೆ ಇದು.

ಮುಖಪುಟದಲ್ಲಿ ಆಸ್ಬೋರ್ನ್ ಗಿಟಾರ್ ಸಮೇತ ರೋಡ್ಸ್ ಅವರನ್ನು ಮೇಲೆತ್ತಿ ಹಿಡಿದಿರುವ ಚಿತ್ರವಿದೆ. 2025ರ ಜುಲೈ 22ರಂದು ಆಸ್ಬೋರ್ನ್ ಅವರೂ ತೀರಿಕೊಂಡ ಮೇಲೆ ಆ ಚಿತ್ರವನ್ನು ನೋಡುವ ಕಣ್ಣು ಬದಲಾಗಿದೆ, ಅದನ್ನು ಅಲ್ಲಗಳೆಯಲಾರೆ. ಕೊಳ್ಳುವವರು ಸಾಧ್ಯವಾದರೆ ಎರಡು ತಟ್ಟೆಗಳ ಎಲ್‌ಪಿಯನ್ನೇ ಕೊಳ್ಳಲಿ. ಆ ಚಿತ್ರಕ್ಕೆ ಆ ಅಳತೆಯೇ ಸರಿ. ಹೆವಿ ಮೆಟಲ್ ಅಬ್ಬರ ಸಹಿಸದವರು ಸಿ.ಡಿ. ಹಾಕಿ ನೇರವಾಗಿ ಹದಿನಾಲ್ಕಕ್ಕೆ ಹೋಗಬಹುದು. ಅಲ್ಲಿಂದ ಮೂರನೆಯ ಅಥವಾ ನಾಲ್ಕನೆಯ ಭಾಗಕ್ಕೆ ವಾಪಸು ಬಂದರೆ, ಅದೇ ಕೈ ಎಂದು ಗುರುತು ಹಿಡಿಯುವುದು ಕಷ್ಟವಾಗಲಿಕ್ಕಿಲ್ಲ.